ಗಿರಕಿ ಬಳಗದ ಹೊಸ ಸದಸ್ಯ

ನನಗೆ ಈಗ ಎಪ್ಪತ್ಮೂರು. ಈ ವಯಸ್ಸಿನಲ್ಲಿ ನಮ್ಮನ್ನು ಯಾರೂ ಹೊಸಬ ಅನ್ನುವುದಿಲ್ಲ. ಕಿರಾಣಿ ಅಂಗಡಿಯವನಿಗೆ, ಕ್ಷೌರದವನಿಗೆ, ದವಾಖಾನೆಯಲ್ಲಿ ಚೀಟಿ ಬರೆಯುವ ಹುಡುಗಿಗೆ, ಎಲ್ಲರಿಗೂ ನಾವು ಹಳೇ ಗಿರಾಕಿ. ಹೋದ ಚಳಿಗಾಲದ ಒಂದು ಬೆಳಿಗ್ಗೆ ಫೋನಿನೊಳಗೆ ನನ್ನ ಹೆಸರಿನ ಕೆಳಗೆ ಒಂದು ಸಣ್ಣ ಹಸಿರು ಮೊಳಕೆಯ ಚಿತ್ರ ಬಂತು, ಅದರ ಪಕ್ಕ 'ಹೊಸ ಸದಸ್ಯ' ಎಂದು ಬರೆದಿತ್ತು. ನೀವು ನಗಬಹುದು, ಆದರೆ ನನಗೆ ಮೊದಲ ದಿನ ಸಾಲಿಗೆ ಹೋದ ಹುಡುಗನಂತೆ ಎದೆ ಹೊಡೆದುಕೊಂಡಿತು. ಅಡುಗೆಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಂದು ಸಲ ಕಣ್ಣು ಹಾಯಿಸಿ, "ಮೊಳಕಿ ಒಡದೀರಿ, ಛಲೋ ಆಯ್ತು. ಈಗ ಹೋಗಿ ಜಳಕ ಮಾಡ್ರಿ" ಅಂದಳು.

ನಾನು ಈ ಬಳಗಕ್ಕೆ ಸೇರಿದ್ದು ಒಂದು ಪಾರಿವಾಳದಿಂದ. ಬೀದರದ ಹಳೇ ಊರಿನಲ್ಲಿ, ಕೋಟೆಯ ಗೋಡೆಗೆ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಒಂದು ದಿನ ಮಾಳಿಗೆಯ ನೀರಿನ ಟಾಕಿಯ ಮೇಲೆ ಒಂದು ಕೆಂಪು ಹಕ್ಕಿ ಬಂದು ಕೂತಿತ್ತು. ಕಾಲಿಗೆ ಹಸಿರು ರಿಂಗು, ಅದರ ಮೇಲೆ ಏನೋ ಅಕ್ಷರ, ಏನೋ ಅಂಕಿ. ಕೂತ ರೀತಿಯಲ್ಲೇ ಗೊತ್ತಾಯಿತು, ಬಹಳ ದೂರ ಹಾರಿ ದಣಿದಿದೆ, ದಾರಿ ತಪ್ಪಿದೆ. ಒಂದು ತಾಟಿನಲ್ಲಿ ನೀರು, ಒಂದು ಹಿಡಿ ಸಜ್ಜೆ ಇಟ್ಟೆ. ಅರ್ಧ ಗಂಟೆಯಲ್ಲಿ ನನ್ನ ಕೈಗೆ ಬಂತು. ಮೂವತ್ತು ವರ್ಷಗಳಿಂದ ಹಕ್ಕಿ ಮುಟ್ಟಿರಲಿಲ್ಲ ನಾನು. ಅಂಗೈಯೊಳಗೆ ಅದರ ಎದೆ ಡವಡವ ಅನ್ನುವಾಗ ನನ್ನ ಮೊಣಕಾಲಿನ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಇದರ ಮಾಲಕನನ್ನು ಹ್ಯಾಗೆ ಹುಡುಕುವುದು ಎಂದು ತಲೆ ಕೆರೆಯುತ್ತ ಕೂತಾಗ ದಾರಿ ತೋರಿಸಿದವಳು ನನ್ನ ಹೆಂಡತಿ ಕಸ್ತೂರಿ. ಫೋನಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವಳೇ ದೊಡ್ಡವಳು. ಉಪ್ಪಿನಕಾಯಿಯ ಒಂದು ಬಳಗದಲ್ಲಿ ಅವಳ ಮಾತಿಗೆ ನಾಕು ಜಿಲ್ಲೆಯ ಹೆಂಗಸರು ತಲೆ ಆಡಿಸುತ್ತಾರೆ. "ಉಪ್ಪಿನಕಾಯಿಗೆ ಬಳಗ ಅದ ಅಂದ್ರ ಕಬೂತರಕ್ಕ ಇರಲ್ಲೇನ್ರಿ?" ಎಂದು ಕೇಳಿ, ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು, ಎರಡು ನಿಮಿಷದಲ್ಲಿ ಹುಡುಕಿ ಕೊಟ್ಟಳು. ಅದೇ ಗಿರಕಿ ಬಳಗ. ಬೀದರ, ಕಲಬುರಗಿ, ನಾಂದೇಡ, ಉದಗೀರದ ಕಡೆಯ ಪಾರಿವಾಳದ ಹುಚ್ಚರು ಸೇರಿ ಮಾಡಿಕೊಂಡ ಚರ್ಚೆಯ ಮನೆ. ಅದನ್ನು ನಡೆಸುವವರು ಭಾಲ್ಕಿಯ ಸುನಂದಾ ಟೀಚರ್ ಎಂಬ ಹೆಣ್ಣುಮಗಳು. ಅವರ ತಂದೆ ಹಕ್ಕಿ ಸಾಕುತ್ತಿದ್ದರಂತೆ. ತಂದೆ ಹೋದ ಮೇಲೆ ಗೂಡು ಖಾಲಿ ಮಾಡಲು ಮನಸ್ಸಾಗದೆ ತಾವೇ ಕಲಿತು, ಗೊತ್ತಿಲ್ಲದ್ದನ್ನು ನಾಕು ಮಂದಿಯನ್ನು ಕೇಳುತ್ತ ಕೇಳುತ್ತ ಬಳಗ ಕಟ್ಟಿದವರು.

ಹೊಸಬನಾಗುವುದು ಅಂದುಕೊಂಡಷ್ಟು ಹಗುರಲ್ಲ. ನಾನು ಓದಿದ್ದು ಹತ್ತನೆಯ ಇಯತ್ತೆ. ಪತ್ರ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ಹಾಗಾಗಿ ಅಲ್ಲೂ ಪತ್ರವನ್ನೇ ಬರೆದೆ. 'ಬಳಗದ ಸಮಸ್ತ ಹಿರಿಯರಿಗೆ ಶರಣಪ್ಪನು ಮಾಡುವ ಶರಣು. ಇತ್ತ ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು' ಎಂದು ಶುರು ಮಾಡಿ, ಕೊನೆಗೆ ಮನೆ ನಂಬರು, ಓಣಿ, ಪಿನ್‌ಕೋಡು ಎಲ್ಲ ಹಾಕಿ, ತಮ್ಮ ವಿಶ್ವಾಸಿ ಎಂದು ಮುಗಿಸಿದೆ. ವಿಳಾಸವನ್ನು ಟೀಚರ್ ತಕ್ಷಣ ಅಳಿಸಿ, "ಕಾಕಾ, ಮನಿ ವಿಳಾಸ ಎಲ್ಲರ ಮುಂದ ಹಾಕಬಾರದ್ರಿ" ಎಂದು ಬೇರೆ ಬರೆದು ತಿಳಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ನಾನು ಆ ಪತ್ರ ಹಾಕಿದ ಜಾಗ ತಪ್ಪಿತ್ತು. ಉದಗೀರದ ಒಬ್ಬರ ಹಳೇ ಹಕ್ಕಿ ಸತ್ತಿತ್ತು, ಎಲ್ಲರೂ ಅಲ್ಲಿ ದುಃಖ ಹೇಳುತ್ತಿದ್ದರು. ಅದರ ಕೆಳಗೆ ನನ್ನ ಕ್ಷೇಮಸಮಾಚಾರ, ಮೇಲೆ ಒಂದು ಗುಲಾಬಿ ಹೂವು.

ಆಮೇಲೆ ಹೃದಯದ ಚಿತ್ರ ಒತ್ತುವುದು ಕಲಿತೆ. ಯಾರ ಮಾತು ಓದಿದರೂ ಒತ್ತುವುದು ಮರ್ಯಾದೆ ಎಂದು ತಿಳಿದಿದ್ದೆ. ಮದುವೆ ಮನೆಯಲ್ಲಿ ಕಂಡವರಿಗೆಲ್ಲ ಕೈಮುಗಿಯುವುದಿಲ್ಲವೇ ಹಾಗೆ. ಹಿಂದಿನದನ್ನೆಲ್ಲ ಮೊದಲಿನಿಂದ ಓದುತ್ತ, ಮೂರು ವರ್ಷ ಹಳೆಯ ಮಾತಿಗೂ ಒತ್ತುತ್ತ ಹೋದೆ. ಒಂದೊಂದು ಸಲ ಒತ್ತಿದಾಗಲೂ ಎಲ್ಲೋ ಒಬ್ಬರ ಫೋನು ಗಂಟೆ ಹೊಡೆಯುತ್ತದೆ ಎಂದು ನನಗೇನು ಗೊತ್ತು. ಮಧ್ಯಾಹ್ನದ ಹೊತ್ತಿಗೆ ಬಳಗದಲ್ಲಿ ಒಂದೇ ವಿಚಾರಣೆ: ಈ ಶರಣಪ್ಪ ಯಾರ್ರಿ, ಬೆಳಿಗ್ಗೆಯಿಂದ ನನಗ ಹದಿನೆಂಟು ಸಲ ಹೃದಯ ಕಳಿಸ್ಯಾರ? ಕಸ್ತೂರಿ ಅದನ್ನು ಓದಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮನಿಯೊಳಗ ನಾ ಒಂದು ಮಾತು ಕೇಳಿದ್ರ ಹೂಂ ಅನ್ನಲ್ಲ. ಅಲ್ಲಿ ಕಂಡೋರಿಗೆಲ್ಲ ಎದಿ ತಗದು ಕೊಡ್ಲತ್ತೀರಿ" ಅಂದಳು.

ಆದರೂ ಆ ಜನ ನನ್ನನ್ನು ಹೊರಗೆ ಹಾಕಲಿಲ್ಲ. ಮೂರನೆಯ ದಿನ ನಾನು ಕೆಂಪು ಹಕ್ಕಿಯ ರಿಂಗಿನ ಫೋಟೊ ಸರಿಯಾದ ಜಾಗದಲ್ಲಿ ಹಾಕಿದೆ. ಹತ್ತು ನಿಮಿಷದಲ್ಲಿ ಕಮಠಾಣದ ಒಬ್ಬ ರೈತನ ಉತ್ತರ ಬಂತು, ಸಂಜೆಗೆ ಅವನೇ ಬುಟ್ಟಿ ಹಿಡಿದು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಚಹಾ ಕುಡಿದು, ಹಕ್ಕಿಯನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಹೋದ. ಹೋದವನು ಬಳಗದಲ್ಲಿ ನನ್ನ ಬಗ್ಗೆ ನಾಕು ಸಾಲು ಬರೆದ. ಇಂಥ ಹಕ್ಕಿ ಕೈಗೆ ಬಂದರೆ ಯಾರೂ ವಾಪಸು ಕೊಡುವುದಿಲ್ಲ, ಬೀದರದ ಶರಣಪ್ಪ ಕಾಕಾ ಕೊಟ್ಟರು, ಇಂಥ ಪ್ರಾಮಾಣಿಕ ಮನುಷ್ಯ ನಮ್ಮ ಬಳಗಕ್ಕೆ ಬಂದದ್ದು ನಮ್ಮ ಪುಣ್ಯ ಎಂದು. ಅದಕ್ಕೆ ಬಂದ ಹೃದಯಗಳನ್ನು ನೋಡಬೇಕಿತ್ತು ನೀವು. ಬರುತ್ತಲೇ ಇದ್ದವು. ನಾನು ಕನ್ನಡಕ ಒರೆಸಿ ಒರೆಸಿ ನೋಡಿದೆ. ಸುನಂದಾ ಟೀಚರ್ ನನ್ನ ಹೆಸರಿನ ಮುಂದೆ ಒಂದು ಬಿಳಿ ಗರಿಯ ಚಿಹ್ನೆ ಇಟ್ಟರು. ಅದು ಬಳಗ ನಂಬುವ ಮನುಷ್ಯನ ಗುರುತಂತೆ.

ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ. ಹಾಲು ತರಲು ಹೋದವನು ಮೊಸರು ತಂದೆ. ಜೀವನದಲ್ಲಿ ನನಗೆ ಸಿಕ್ಕ ಮರ್ಯಾದೆಗಳು ಬಹಳಿಲ್ಲ. ಹರೆಯದಲ್ಲಿ ಎರಡು ವರ್ಷ ಒಂದು ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದೆ, ಆಮೇಲೆ ಒಂದು ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಜವಾನ. ನಿವೃತ್ತಿಯ ದಿನ ಒಂದು ಶಾಲು ಹೊದಿಸಿದರು. ಅದು ಅದಕ್ಕೂ ಮೊದಲು ಯಾರಿಗೋ ಹೊದಿಸಿದ್ದ ಶಾಲು, ಮಡಿಕೆಯಲ್ಲಿ ಕುಂಕುಮ ಇತ್ತು. ಹಾಗಿರುವಾಗ ಗುರುತಿಲ್ಲದ ಮಂದಿ ನಾ ಮುಂದೆ ತಾ ಮುಂದೆ ಎಂದು ಹೊಗಳಿದರೆ ಯಾರಿಗೆ ಏರುವುದಿಲ್ಲ?

ಈ ಬಿಳಿ ಗರಿ ಹೊತ್ತುಕೊಂಡೇ ಮರುದಿನ ನಾನು ಬಳಗದ ನಿಯಮಗಳನ್ನು ಓದಲು ಕೂತೆ. ಮೊದಲೇ ಓದಬೇಕಿತ್ತು, ಎಲ್ಲರೂ ಹೇಳಿದ್ದರು. ಹಕ್ಕಿಗೆ ಹುಳಿತ ಕಾಳು ಹಾಕಬೇಡಿ, ಬೇರೆಯವರ ಹಕ್ಕಿಗೆ ಹೆಸರಿಡಬೇಡಿ, ಹೀಗೆ. ನಾಲ್ಕನೆಯದಕ್ಕೆ ಬಂದೆ. 'ಮೋಡ ಕವಿದ ದಿನ ದೂರದಿಂದ ಹಕ್ಕಿ ಬಿಡಬೇಡಿ. ಔರಾದದ ಖಾಸಿಂಸಾಬರ ಅನುಭವ ಓದಿ.' ಕೆಳಗೆ ಆ ಅನುಭವವೂ ಇತ್ತು. ಖಾಸಿಂಸಾಬರು ಹೇಳಿದ್ದನ್ನು ಟೀಚರ್ ಬರೆದುಕೊಂಡದ್ದು.

ಅದನ್ನು ಓದುವಾಗ ಏನಾಯಿತೆಂದು ಹೇಳಬೇಕಾದರೆ ನಿಮಗೆ ಐವತ್ತು ವರ್ಷದ ಹಿಂದಿನ ಒಂದು ಪದ್ಧತಿ ಹೇಳಬೇಕು.

ಆಗ ದೂರದಿಂದ ಮನೆ ಹುಡುಕಿಕೊಂಡು ಬರುವ ಜಾತಿಯ ಪಾರಿವಾಳ ಸಾಕಿದವರು ಅವುಗಳನ್ನು ತಯಾರು ಮಾಡಲು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದರು. ಒಂದು ಸಣ್ಣ ಬಿದಿರಿನ ಬುಟ್ಟಿ, ಒಳಗೆ ಹಕ್ಕಿ. ಮೊದಲ ವಾರ ಮುಂದಿನ ಹಳ್ಳಿಯಲ್ಲಿ ಬಿಡಬೇಕು, ಆಮೇಲೆ ಅದರ ಮುಂದಿನದು, ಕೊನೆಗೆ ಬಸ್ಸು ನಿಲ್ಲುವ ಊರು. ಕಂಡಕ್ಟರ್ ಬುಟ್ಟಿ ಬಿಚ್ಚಿ, ಹೊತ್ತು ನೋಡಿಕೊಂಡು, ಹಕ್ಕಿ ಎಷ್ಟು ಗಿರಕಿ ಹೊಡೆಯಿತು, ಯಾವ ಕಡೆ ಹೋಯಿತು ಎಂದು ವಾಪಸು ಬಂದಾಗ ಹೇಳಬೇಕು. ಫೋನಿಲ್ಲದ ಕಾಲ. ಕಂಡಕ್ಟರ್ ಹೇಳಿದ್ದೇ ಸಾಕ್ಷಿ. ನನ್ನ ಬಸ್ಸು ಬೀದರದಿಂದ ಸಂತಪುರದ ಮೇಲೆ ಔರಾದಕ್ಕೆ ಹೋಗಿ ಬರುತ್ತಿತ್ತು. ನಾನೂ ಹಕ್ಕಿಯ ಹುಚ್ಚ ಎಂದು ಗೊತ್ತಿದ್ದರಿಂದ ಔರಾದದವರು ನನ್ನ ಕೈಗೇ ಕೊಡುತ್ತಿದ್ದರು. ನಾನು ನನ್ನ ಸೀಟಿನ ಕೆಳಗೆ ಗೋಣಿಚೀಲ ಹಾಸಿ, ಬುಟ್ಟಿ ಇಟ್ಟು, ಯಾರ ಕಾಲೂ ತಾಗದಂತೆ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಒಬ್ಬ ಮುದುಕಿ, ಹಕ್ಕಿಗೆ ಟಿಕೇಟು ಇಲ್ಲ, ನನಗ್ಯಾಕ ಎಂದು ಅಷ್ಟೂ ದಾರಿ ಜಗಳ ತೆಗೆದಿದ್ದಳು.

ಔರಾದದಲ್ಲಿ ಖಾಸಿಂ ಎಂಬ ದರ್ಜಿ ಇದ್ದ. ನನ್ನದೇ ವಯಸ್ಸು, ಇಪ್ಪತ್ತೆರಡೋ ಇಪ್ಪತ್ಮೂರೋ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಮಾಳಿಗೆ. ಅವನ ಹತ್ತಿರ ಒಂದೇ ಒಂದು ಒಳ್ಳೆಯ ಹಕ್ಕಿ ಇತ್ತು. ಬೂದಿ ಬಣ್ಣ, ಕುತ್ತಿಗೆಯಲ್ಲಿ ನವಿಲಿನ ಹೊಳಪು, ಕಣ್ಣು ದಾಳಿಂಬೆಯ ಕಾಳು. ಸಂತಪುರದಿಂದ ಬಿಟ್ಟಾಗ ಅದು ಎರಡೇ ಗಿರಕಿ ಹೊಡೆದು, ಯಾರೋ ದಾರ ಹಿಡಿದು ಎಳೆದಂತೆ ಮನೆಯ ಕಡೆ ಹೋಗುತ್ತಿತ್ತು. ನೋಡಿ ನನಗೆ ಹೊಟ್ಟೆಯೊಳಗೆ ಉರಿ. ನನ್ನ ಮಾಳಿಗೆಯಲ್ಲಿದ್ದವು ಕಾಳು ತಿಂದು ಕೊಬ್ಬಿದ ಬೀದಿ ಹಕ್ಕಿಗಳು, ಓಣಿಯ ಹುಡುಗರು ಅವನ್ನು ಕೋಳಿ ಎಂದು ಕರೆಯುತ್ತಿದ್ದರು.

ಬೀದರದಿಂದ ಬಿಡುವ ದಿನ ಬಂತು. ಖಾಸಿಂ ಬುಟ್ಟಿಯನ್ನು ಎರಡು ಕೈಯಲ್ಲಿ ಕೊಟ್ಟ. ನಾನು ಬೀದರದಲ್ಲಿ ಇಳಿದವನು ಬುಟ್ಟಿ ಬಿಚ್ಚಲಿಲ್ಲ. ಒಂದು ದಿನ ಮನೆಯಲ್ಲಿಟ್ಟು ಕಣ್ತುಂಬ ನೋಡಿ ನಾಳೆ ಬಿಡೋಣ ಅಂದುಕೊಂಡೆ. ಇಷ್ಟನ್ನು ಪ್ರಮಾಣ ಮಾಡಿ ಹೇಳುತ್ತೇನೆ, ಕಳ್ಳತನ ಎಂದು ಅಂದುಕೊಂಡಿರಲಿಲ್ಲ. ಆದರೆ ಮರುದಿನ ಔರಾದದಲ್ಲಿ ಬಸ್ಸು ನಿಲ್ಲುವ ಮೊದಲೇ ಖಾಸಿಂ ಓಡಿ ಬಂದ. ಹಕ್ಕಿ ಬಂದಿಲ್ಲ, ಬಿಟ್ಟಿರೇನು ಎಂದು ಕೇಳಿದ. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು: ಹತ್ತಕ್ಕೆ ಬಿಟ್ಟೆ, ಎರಡು ಗಿರಕಿ ಹೊಡೆಯಿತು, ಉತ್ತರಕ್ಕೆ ಹೋಯಿತು. ಅವನು ಬೀದರದ ಕಡೆ ಕತ್ತೆತ್ತಿ ನೋಡಿ, "ಮೋಡ ಇತ್ತೇನ್ರಿ ಅಲ್ಲಿ?" ಅಂದ. ನನಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು. ಹೌದು, ಸ್ವಲ್ಪ ಮೋಡ ಇತ್ತು ಅಂದೆ. ಬೀದರದ ಮೇಲೆ ಅವತ್ತು ಒಂದು ಹತ್ತಿಯ ಎಳೆಯಷ್ಟೂ ಮೋಡ ಇರಲಿಲ್ಲ.

"ನಂದೇ ತಪ್ಪು," ಅಂದ ಖಾಸಿಂ. "ಆಸ್ಮಾನ್ ನೋಡಿ ಕಳಿಸಬೇಕಿತ್ತು."

ಆ ಜಾತಿಯ ಹಕ್ಕಿಯನ್ನು ಬೇರೆಯವರು ಇಟ್ಟುಕೊಳ್ಳುವುದು ಹ್ಯಾಗೆಂದು ಹಕ್ಕಿಯವರಿಗೆ ಗೊತ್ತು. ಎಷ್ಟು ವರ್ಷವಾದರೂ ಬಿಟ್ಟ ದಿನ ಹುಟ್ಟಿದ ಗೂಡಿಗೇ ಹೋಗುತ್ತದೆ. ಆದ್ದರಿಂದ ಉದ್ದ ಗರಿಗಳನ್ನು ಕಿತ್ತು, ಬೆಳೆದಂತೆಲ್ಲ ಮತ್ತೆ ಕಿತ್ತು, ಕೂಡಿಹಾಕಬೇಕು. ನಾನು ಅದನ್ನು ಮಾಡಿದೆ. ಒಂಬತ್ತು ವರ್ಷ ಮಾಡಿದೆ. ಅದರ ಮರಿಗಳು ಹಾರಿದವು, ಅವುಗಳಿಂದ ಓಣಿಯಲ್ಲಿ ನನ್ನ ಹೆಸರು ಆಯಿತು. ಅದು ಮಾತ್ರ ಗೂಡಿನ ಉತ್ತರದ ಜಾಲರಿಗೆ ಮುಖ ಹಚ್ಚಿ ಕೂತಿರುತ್ತಿತ್ತು. ಮದುವೆಯಾಗಿ ಭಾಲ್ಕಿಯಿಂದ ಬಂದ ಕಸ್ತೂರಿ ಮೊದಲ ವಾರವೇ ಅದನ್ನು ಗಮನಿಸಿದ್ದಳು. ಇದಕ್ಕೆ ಆ ಕಡೆ ಏನಿದೆ ಎಂದು ಕೇಳಿದಾಗ, ಹೈದರಾಬಾದದಿಂದ ಕೊಂಡು ತಂದದ್ದು, ಅದರ ಚಟವೇ ಹಾಗೆ ಅಂದಿದ್ದೆ. ಹೈದರಾಬಾದು ಇರುವುದು ಇನ್ನೊಂದು ದಿಕ್ಕಿಗೆ. ಅವಳು ಆಗ ಹೊಸಬಳು, ಹೆಚ್ಚು ಕೇಳಲಿಲ್ಲ.

ಈಗ ನಾಲ್ಕನೆಯ ನಿಯಮದ ಕೆಳಗೆ ಖಾಸಿಂಸಾಬರು ಹೇಳಿದ್ದು ಇಷ್ಟು. ತಮಗೆ ಆಕಾಶ ನೋಡಲು ಬರುವುದಿಲ್ಲ ಎಂದು ಹಕ್ಕಿ ಕಳೆದ ದಿನ ತಿಳಿಯಿತು. ಆಮೇಲೆ ಯಾವ ಹಕ್ಕಿಯನ್ನೂ ಊರ ಹೊರಗಿಂದ ಬಿಟ್ಟಿಲ್ಲ. ಮರಿ ಮಾಡಿಸಿ ಬೇರೆಯವರಿಗೆ ಕೊಡುತ್ತಾರೆ, ತಾವು ಮಾಳಿಗೆಯ ಮೇಲೆ ಬಿಡುವುದಷ್ಟೇ, ದೂರ ಹಾರಿಸುವುದಿಲ್ಲ. ಕೊನೆಯ ಸಾಲು ಹೀಗಿತ್ತು: ಆ ಕಂಡಕ್ಟರ್ ಮಾತ್ರ ಬಹಳ ಒಳ್ಳೆಯವ. ಮುಂದೆ ಎಷ್ಟೋ ದಿನ ಬಸ್ಸು ಬಂದಾಗೊಮ್ಮೆ ಇಳಿದು ಬಂದು, ಹಕ್ಕಿ ಬಂತೇನು ಎಂದು ವಿಚಾರಿಸುತ್ತಿದ್ದ.

ಹೌದು. ವಿಚಾರಿಸುತ್ತಿದ್ದೆ. ಅನುಮಾನ ಬರಬಾರದಲ್ಲ.

ಫೋನು ಕೆಳಗಿಟ್ಟೆ. ಬಿಳಿ ಗರಿ ನನ್ನ ಹೆಸರಿನ ಮುಂದೆ ಹಾಗೇ ಇತ್ತು. ಐವತ್ತು ವರ್ಷ ನಾನು ಅಂದುಕೊಂಡದ್ದು ಒಂದು ಹಕ್ಕಿ ಕದ್ದೆನೆಂದು. ಅವನಿಂದ ಆಕಾಶವನ್ನೂ ತೆಗೆದುಕೊಂಡಿದ್ದೆನೆಂದು ಅವತ್ತು ತಿಳಿಯಿತು.

ಎರಡು ದಿನ ಬಳಗದ ಕಡೆ ಹೋಗಲಿಲ್ಲ. ನಿಜ ಹೇಳುತ್ತೇನೆ, ಹೋಗದೆ ಇರುವುದು ಕಷ್ಟವಾಗಿತ್ತು. ನಾಂದೇಡದವನ ಮೊಟ್ಟೆ ಒಡೆಯಿತೋ ಇಲ್ಲವೋ, ಕಲಬುರಗಿಯವನ ಕುಂಟ ಹಕ್ಕಿ ನಡೆಯಿತೋ ಇಲ್ಲವೋ ಎಂದು ಕೈ ತುರಿಸುತ್ತಿತ್ತು. ಆ ಮನೆ ನನಗೆ ಅಷ್ಟು ಬೇಗ ನನ್ನದಾಗಿಬಿಟ್ಟಿತ್ತು. ಹೇಳಿದರೆ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ದಿನಾ ಆ ನಾಲ್ಕನೆಯ ನಿಯಮದ ಕೆಳಗೇ ಹಾದು ಒಳಗೆ ಹೋಗಬೇಕು. ಖಾಸಿಂಸಾಬರೊಬ್ಬರಿಗೇ ಗುಟ್ಟಾಗಿ ಬರೆದುಬಿಡಲೇ ಎಂದು ಕಸ್ತೂರಿಯನ್ನು ಕೇಳಿದೆ. ಕೇಳಬೇಕಾದರೆ ಹೈದರಾಬಾದಿನ ಸುಳ್ಳನ್ನೂ ಒಪ್ಪಬೇಕಾಯಿತು. ಅವಳು ಕೈಯಲ್ಲಿದ್ದ ಪುಂಡಿಪಲ್ಲೆಯನ್ನು ಎಲೆ ಎಲೆಯಾಗಿ ಬಿಡಿಸಿ ಮುಗಿಸಿದಳು.

"ಒಂಬತ್ತು ವರ್ಷದಾಗ ಆರು ವರ್ಷ ಅದಕ್ಕ ಕಾಳು ಹಾಕಿದಾಕಿ ನಾನು," ಅಂದಳು. "ನನ್ನ ಕೈಲೇನೂ ಕಳವಿನ ಹಕ್ಕಿ ಸಾಕಿಸಿದ್ರಿ. ಗುಪ್‌ಚುಪ್ ಏನೂ ಬ್ಯಾಡ. ಎಲ್ಲರ ಮುಂದ ಹೊಗಳಿಸ್ಕೊಂಡೀರಿ, ಎಲ್ಲರ ಮುಂದೇ ಹೇಳ್ರಿ."

ಊಟವಾದ ಮೇಲೆ ಮಾಳಿಗೆಯ ಬಿಸಿಲಿನಲ್ಲಿ ಕೂತು ಬರೆಯತೊಡಗಿದೆ. ಒಂದೇ ಬೆರಳು ನನ್ನದು. ಕ್ಷೇಮಸಮಾಚಾರ ಹಾಕಲಿಲ್ಲ. 'ನಾಲ್ಕನೆಯ ನಿಯಮದಲ್ಲಿರುವ ಕಂಡಕ್ಟರ್ ನಾನೇ' ಎಂಬುದೇ ಮೊದಲ ಸಾಲು. ಅವತ್ತು ಮೋಡ ಇರಲಿಲ್ಲ ಎಂಬುದು ಎರಡನೆಯದು. ಉಳಿದದ್ದನ್ನು ನಿಮಗೆ ಹೇಳಿದಂತೆಯೇ ಬರೆದೆ. ಕಸ್ತೂರಿ ಓದಿ, ಒಂದು ಕಡೆ 'ಗೊತ್ತಿಲ್ಲದೆ ಆದ ತಪ್ಪು' ಎಂದಿದ್ದನ್ನು ಬೆರಳಿಟ್ಟು ತೋರಿಸಿದಳು. ಅದನ್ನು ತೆಗೆದೆ. ಒತ್ತಿದೆ.

ಆಮೇಲಿನ ಒಂದು ಗಂಟೆ ಆ ಬಳಗ ಸಂತೆಯಂತಾಯಿತು. ಬಿಳಿ ಗರಿ ಕಿತ್ತುಹಾಕಿ ಅಂದರು ಕೆಲವರು. ಉದಗೀರದವರು, ಸತ್ತ ಹಕ್ಕಿಗೆ ಗುಲಾಬಿ ಕೊಟ್ಟಾಗಲೇ ಈ ಮನುಷ್ಯನ ಬಗ್ಗೆ ಸಂಶಯ ಬಂದಿತ್ತು ಎಂದು ಬರೆದರು. ಕಮಠಾಣದ ರೈತ ಮಾತ್ರ, ಹೇಳುವುದಕ್ಕೂ ಎದೆ ಬೇಕು ಅಂದ, ಅವನಿಗೂ ನಾಕು ಮಾತು ಬಿದ್ದವು. ಕೊನೆಗೆ ಸುನಂದಾ ಟೀಚರ್ ಸಾಲಿ ಮಕ್ಕಳನ್ನು ಸುಮ್ಮನಿರಿಸುವಂತೆ ಎಲ್ಲರನ್ನೂ ಸುಮ್ಮನಿರಿಸಿ, ಇದರಲ್ಲಿ ಮಾತಾಡುವ ಹಕ್ಕು ಒಬ್ಬರಿಗೇ ಇದೆ, ಅವರು ಹೇಳುವವರೆಗೆ ಯಾರೂ ಬರೆಯಬಾರದು ಅಂದರು. ನಿಯಮ ಖರೇನೇ ಇದೆ, ಅದರ ಕೆಳಗಿನ ಕಥೆ ಸುಳ್ಳಾಯಿತು ಎಂದು ಒಂದು ಸಾಲು ಸೇರಿಸಿದರು. ಗರಿಯನ್ನು ಅವರೇ ತೆಗೆದರು.

ಸಂಜೆಗೆ ಖಾಸಿಂಸಾಬರ ದನಿ ಬಂತು. ಅವರು ಬರೆಯುವುದಿಲ್ಲ, ದನಿಯಲ್ಲೇ ಕಳಿಸುತ್ತಾರೆ. ನಾನೂ ಕಸ್ತೂರಿಯೂ ಫೋನನ್ನು ನಡುವೆ ಇಟ್ಟುಕೊಂಡು ಕೇಳಿದೆವು. ಬೈಗುಳ ಇರಲಿಲ್ಲ. ಮೊದಲು ದೂರದಲ್ಲಿ ಹೊಲಿಗೆ ಯಂತ್ರದ ಸದ್ದು. ಆಮೇಲೆ: "ಕಂಡಕ್ಟರ್ ಸಾಬ, ಒಂದೇ ಮಾತು ಕೇಳ್ತೇನಿ. ಒಂಬತ್ತು ವರ್ಷದಾಗ ಒಮ್ಮೆರೆ ಅದನ್ನ ಬಿಟ್ಟು ನೋಡಿದ್ರೇನು?"

ನಾನು ದನಿಯಲ್ಲೇ ಉತ್ತರ ಕೊಟ್ಟೆ. ನಾಕು ಸಲ ಹೇಳಿ ಅಳಿಸಿ, ಮತ್ತೆ ಹೇಳಿದೆ. ಇಲ್ರಿ ಖಾಸಿಂಭಾಯಿ, ಬಿಡಲಿಲ್ಲ. ಬಿಟ್ಟಿದ್ರ ನಿಮ್ಮ ಮನಿಗೇ ಬರ್ತಿತ್ತು, ಅದು ನನಗ ಗೊತ್ತಿತ್ತು.

ಅದಕ್ಕೆ ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಎರಡೇ ಮಾತು ಬಂದವು: "ಔರಾದಕ್ಕ ಬರ್ರಿ."

ಹೊಡೆಯಲು ಕರೆದಿದ್ದಾರೋ ಚಹಾಕ್ಕೆ ಕರೆದಿದ್ದಾರೋ ತಿಳಿಯದು. ಆದರೂ ನನ್ನ ಕಾಲು ನಿಲ್ಲಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ, ಸಂತಪುರದ ಮೇಲೆ ಹೋಗುವ ಮೊದಲ ಬಸ್ಸು ಹಿಡಿದೆ. ಕಂಡಕ್ಟರನಿಗೆ ನನ್ನ ಮೊಮ್ಮಗನ ವಯಸ್ಸು. ಅವನಿಗೆ, ನಾನೂ ಈ ರಸ್ತೆಯಲ್ಲಿ ಕಂಡಕ್ಟರ್ ಆಗಿದ್ದೆ ಎಂದು ಹೇಳಬೇಕೆನಿಸಿ ಬಾಯಿ ತೆರೆದೆ, ಮುಚ್ಚಿಕೊಂಡೆ.

ಖಾಸಿಂಸಾಬರ ಮನೆ ಅದೇ ಜಾಗದಲ್ಲಿತ್ತು. ಅವರು ಬಾಗಿಲಲ್ಲೇ ನಿಂತಿದ್ದರು. ಬೆನ್ನು ಬಾಗಿದೆ, ಗಡ್ಡ ಪೂರಾ ಬೆಳ್ಳಗೆ, ಕುತ್ತಿಗೆಯಲ್ಲಿ ಇನ್ನೂ ಅಳತೆಯ ಟೇಪು. ನಾನು ಕೈ ಮುಗಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ, ಅಂಗಿಗೆ ಅಳತೆ ತೆಗೆಯುವಂತೆ ನೋಡಿ, ಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಬುಟ್ಟಿ, ಒಳಗೆ ಬೂದಿ ಬಣ್ಣದ ಒಂದು ಹಕ್ಕಿ. ಕೆಳಗಿನ ಮೆಟ್ಟಿಲ ಮೇಲೆ ಅವರ ಹೆಂಡತಿ ಜುಬೇದಾಬಿ ನಿಂತು ಮೇಲೆ ನೋಡುತ್ತಿದ್ದರು.

ನನಗೆ ಅರ್ಥವಾಯಿತು ಎಂದುಕೊಂಡೆ. ಬುಟ್ಟಿಗೆ ಕೈ ಚಾಚಿದೆ. ಈ ಸಲ ನಾನೇ ಒಯ್ದು ಸರಿಯಾಗಿ ಬಿಟ್ಟುಬರುತ್ತೇನೆ ಎಂದೆ. ಖಾಸಿಂಸಾಬರು ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಬಿಡೋ ಕೆಲಸ ನಿಮಗ ಕೊಡಂಗಿಲ್ಲ," ಅಂದರು. "ಅದು ನೀವು ಮಾಡಿ ನೋಡೀರಿ. ನಾ ಮಾಡಿದ್ದು ಕಾಯೋದು. ಈ ಹೊತ್ತು ನಾ ಸಂತಪುರಕ್ಕ ಹೋಗಿ ಬಿಡ್ತೇನಿ. ನೀವು ಇಲ್ಲಿ ಕುಂತು ಕಾಯ್ರಿ."

ಹೇಳಿದವರು ತಕ್ಷಣ ಹೊರಡಲಿಲ್ಲ. ಕಟ್ಟೆಗೆ ಕೈ ಊರಿ ದಕ್ಷಿಣದ ಕಡೆ ಆಕಾಶ ನೋಡುತ್ತ ನಿಂತರು. ಅಲ್ಲಿ ಎರಡು ತುಣುಕು ಬಿಳಿ ಮೋಡ ಇದ್ದವು, ಮಳೆಯದಲ್ಲ, ಸುಮ್ಮನೆ ತೇಲುವವು. ಅವರು ಒಂದು ಹೆಜ್ಜೆ ಬುಟ್ಟಿಯ ಕಡೆ ಇಟ್ಟರು, ಮತ್ತೆ ನಿಂತರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ, ಮೋಡದ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿರಲಿಲ್ಲ. ಹತ್ತು ನಿಮಿಷವಾದ ಮೇಲೆ ತಮ್ಮಷ್ಟಕ್ಕೆ ತಾವೇ "ಬಿಡಬಹುದು" ಅಂದು, ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಇಳಿದರು.

ಇದನ್ನೆಲ್ಲ ಬಳಗಕ್ಕೆ ಅವರು ಮೊದಲೇ ಹೇಳಿಟ್ಟಿದ್ದರು. ನನಗೆ ಗೊತ್ತಿರಲಿಲ್ಲ. ಫೋನು ತೆಗೆದು ನೋಡುತ್ತೇನೆ, ಅಷ್ಟೂ ಮಂದಿ ಅಲ್ಲಿ ಕೂತಿದ್ದಾರೆ. ಭಾಲ್ಕಿಯಲ್ಲಿ ಟೀಚರ್ ಮಕ್ಕಳಿಗೆ ಲೆಕ್ಕ ಹಾಕಿಕೊಟ್ಟು ಕಿಟಕಿಯ ಹತ್ತಿರ ನಿಂತಿದ್ದಾರಂತೆ. ನಾಂದೇಡದವನು ಅಂಗಡಿಯ ಬಾಗಿಲು ಅರ್ಧ ಎಳೆದಿದ್ದಾನಂತೆ. ಬೀದರದಲ್ಲಿ ಕಸ್ತೂರಿಯೂ, ನನಗೆ ಹೇಳದೆಯೇ, ಬಳಗಕ್ಕೆ ಸೇರಿಕೊಂಡಿದ್ದಳು. ಅವಳ ಹೆಸರಿನ ಕೆಳಗೂ ಈಗ ಮೊಳಕೆ.

ಒಂದು ಗಂಟೆ ಕಳೆದು ಖಾಸಿಂಸಾಬರ ದನಿ ಬಂತು: ಬಿಟ್ಟೆ.

ಸಂತಪುರದಿಂದ ಹಕ್ಕಿಗೆ ಬಹಳ ಹೊತ್ತು ಬೇಕಾಗಿಲ್ಲ. ಒಂದು ಚಹಾ ಮಾಡಿ ಕುಡಿಯುವಷ್ಟರಲ್ಲಿ ಬರಬೇಕು. ನಾನು ದಕ್ಷಿಣಕ್ಕೆ ಕಣ್ಣು ನೆಟ್ಟೆ. ಕಾಗೆ ಬಂತು, ಹದ್ದು ಬಂತು, ಯಾರದೋ ಗಾಳಿಪಟ ಬಂತು. ಪ್ರತಿ ಚುಕ್ಕೆಗೂ ಎದ್ದು ನಿಂತೆ. ಫೋನಿನಲ್ಲಿ ಒಂದೇ ಮಾತು ಮೇಲಿಂದ ಮೇಲೆ ಬರುತ್ತಿತ್ತು: ಬಂತೇನು? ಬಂತೇನು? ಐವತ್ತು ವರ್ಷದ ಹಿಂದೆ ನಾನು ಬಸ್ಸಿನಿಂದ ಇಳಿದಿಳಿದು ಕೇಳುತ್ತಿದ್ದ ಮಾತು. ಅದನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ಕೂತಾಗ ಹ್ಯಾಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಇಲ್ಲ ಎಂದು ಹೇಳುವಾಗ ಪ್ರತಿ ಸಲವೂ ಹಕ್ಕಿಯನ್ನು ನಾನೇ ಕಳೆದಂತೆ ಆಗುತ್ತಿತ್ತು.

ಚಹಾ ಕುಡಿಯುವ ಹೊತ್ತು ಎಂದೋ ದಾಟಿತ್ತು. ಜುಬೇದಾಬಿ ಮೇಲೆ ಬಂದು ಒಂದು ಬಟ್ಟಲು ನನ್ನ ಪಕ್ಕ ಇಟ್ಟರು. ಅವರ ಅತ್ತೆ ಹೇಳುತ್ತಿದ್ದರಂತೆ, ಆಗ ಖಾಸಿಂ ಹನ್ನೊಂದು ದಿನ ಇದೇ ಕಟ್ಟೆಯ ಮೇಲೆ ಕೂತಿದ್ದ, ರೊಟ್ಟಿ ಇಲ್ಲಿಗೇ ತಂದು ಕೊಡಬೇಕಾಗಿತ್ತು, ಹನ್ನೆರಡನೆಯ ದಿನ ತಾನಾಗಿ ಇಳಿದು ಹೋಗಿ ಹೊಲಿಯಲು ಕೂತ ಎಂದು. ಇಷ್ಟನ್ನು ಯಾವ ಸಿಟ್ಟೂ ಇಲ್ಲದೆ ಹೇಳಿ, ತಣ್ಣಗಾಗ್ತದ, ಕುಡೀರಿ ಎಂದು ಕೆಳಗೆ ಹೋದರು. ನಾನು ಕುಡಿಯಲಿಲ್ಲ.

ಆಗ ಕಂಡಿತು. ಎರಡು ಮೋಡದ ನಡುವಿನಿಂದ ಒಂದು ಚುಕ್ಕೆ, ಚುಕ್ಕೆಗೆ ರೆಕ್ಕೆ, ರೆಕ್ಕೆಗೆ ಬೂದಿ ಬಣ್ಣ. ನಾನು ಚಪ್ಪಲಿ ಬಿಟ್ಟು ಎದ್ದು ನಿಂತೆ. ಮಾಳಿಗೆಯ ಮೇಲೆ ಒಂದು ಗಿರಕಿ ಹೊಡೆಯಿತು, ರೆಕ್ಕೆಯ ಸದ್ದು ಕಿವಿಗೆ ಬಿತ್ತು. ಇಳಿಯುತ್ತದೆ ಅನ್ನುವಷ್ಟರಲ್ಲಿ ತಿರುಗಿ, ಎದುರಿನ ಮನೆಯ ನೀರಿನ ಟಾಕಿಯ ಮೇಲೆ ಹೋಗಿ ಕೂತಿತು. ಅಲ್ಲೇ ಕೂತಿತು. ಗರಿ ಕೊಕ್ಕಿನಿಂದ ಸರಿಮಾಡಿಕೊಂಡಿತು. ನಾನು ಶಿಳ್ಳೆ ಹಾಕಿದೆ, ಕಾಳಿನ ಡಬ್ಬಿ ಅಲ್ಲಾಡಿಸಿದೆ, ಬೇಡಿಕೊಂಡೆ. ಹತ್ತು ನಿಮಿಷ ನನ್ನನ್ನು ಹಾಗೆ ಕುಣಿಸಿ, ಆಮೇಲೆ ಏನೂ ಆಗದವರಂತೆ ಹಾರಿ ಬಂದು ತನ್ನ ಗೂಡಿಗೆ ಹೋಯಿತು.

ಖಾಸಿಂಸಾಬರಿಗೆ ಫೋನು ಮಾಡಿದೆ. ಬಂತ್ರಿ ಅಂದೆ. ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಅದರ ನಡುವೆ ಅವರು ಕೇಳಿದರು:

"ಸೀದಾ ಬಂತೇನು?"

ಹೂಂ ಅನ್ನುವುದು ಎಷ್ಟು ಹಗುರಾಗಿತ್ತು. ಐವತ್ತು ವರ್ಷದ ಮೇಲೆ ಅವರು ಬಿಟ್ಟ ಮೊದಲ ಹಕ್ಕಿ, ಸಂತೋಷದ ಗಳಿಗೆ, ಆ ಹತ್ತು ನಿಮಿಷದಿಂದ ಯಾರಿಗೇನು?

"ಇಲ್ರಿ," ಅಂದೆ. "ಮೊದಲ ಎದುರಿನ ಮನಿ ಟಾಕಿ ಮ್ಯಾಲ ಕುಂತಿತು. ಹತ್ತು ಮಿನಿಟು ಅಲ್ಲೇ ಇತ್ತು. ಆಮ್ಯಾಲ ಬಂತು."

ಅವರು ನಕ್ಕರು. ಒಣ ನಗು, ಕೆಮ್ಮಿನ ಹಾಗೆ.

"ಅದು ದಿನಾ ಹಂಗೇ. ಆ ಮನಿಯೊಳಗ ಅದರ ಜೋಡಿ ಅದ. ಸೀದಾ ಬಂತು ಅಂದಿದ್ರ, ಕಂಡಕ್ಟರ್ ಸಾಬ, ನಾ ಫೋನ್ ಇಟ್ಟುಬಿಡ್ತಿದ್ದೆ." ಆಮೇಲೆ, "ಮುಂದಿನ ಬಸ್ಸಿಗೆ ಬರ್ತೇನಿ. ನಾ ಬರೋತನ ಕೆಳಗ ಇಳೀಬ್ಯಾಡ್ರಿ" ಅಂದರು.

ಜುಬೇದಾಬಿ ಊಟಕ್ಕೆ ಎರಡು ಸಲ ಕರೆದರು. ಅವರು ಬರಲಿ ಅಂದೆ. ನಾನು ಇಳಿಯಲಿಲ್ಲ.